ಹರಪನಹಳ್ಳಿಯ ತಳವಾರ, ಡಾಡ್ಜ್ ಸಿಟಿಯ ಮಾರ್ಷಲ್

ಹರಪನಹಳ್ಳಿ ಪಾಳೆಯಗಾರರ ಮನೆತನ ಶುರುವಾದದ್ದು ಒಬ್ಬ ತಳವಾರನಿಂದ. ಹೆಸರು ದಾದಯ್ಯ, ಬೇಡರವನು, ಕೆಲಸ ಊರು ಕಾಯುವುದು. 1565ರಲ್ಲಿ ವಿಜಯನಗರ ಬಿದ್ದು, ಹಂಪಿಯ ಕಡೆಯಿಂದ ಹೇಳುವವರು ಕೇಳುವವರು ಇಲ್ಲವಾದಾಗ ಅವನು ಸುತ್ತಲಿನ ಸೀಮೆಯನ್ನು ಕೈಗೆ ತೆಗೆದುಕೊಂಡ. ಚಿತ್ರದುರ್ಗದ ನಾಯಕರ ಮನೆಯಿಂದ ಹೆಣ್ಣು ತಂದ. ಅವನ ವಂಶದವರು ಎರಡು ಶತಮಾನಕ್ಕೂ ಹೆಚ್ಚು ಕಾಲ ಈ ಭಾಗದ ದೊಡ್ಡ ಪಾಳೆಯಗಾರರಾಗಿ ಬಾಳಿದರು. ಬ್ರಿಟಿಷರ ಕಾಲದ ಗೆಜೆಟಿಯರುಗಳು ಈ ಸಂಗತಿಯನ್ನು ಒಂದೆರಡು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತವೆ. ನನಗೆ ಮಾತ್ರ ಆ ವಾಕ್ಯಗಳನ್ನು ದಾಟಿ ಹೋಗಲು ಆಗುವುದಿಲ್ಲ. ಹಾಲಿವುಡ್ಡಿನ ವೆಸ್ಟರ್ನ್ ಸಿನಿಮಾಗಳು ಹತ್ತಾರು ವರ್ಷ ಕೇಳುತ್ತ ಬಂದ ಪ್ರಶ್ನೆ ಅಲ್ಲೇ ಇದೆ. ದೊರೆ ದೂರ, ಕೋರ್ಟು ಇನ್ನೂ ದೂರ. ಅಂಥ ಕಡೆ ಊರನ್ನು ಯಾರು ಕಾಯಬೇಕು? ಕಾಯುವವನ ಹೊಟ್ಟೆಗೆ ಯಾರು ಹಾಕಬೇಕು? ಅವನೇ ತಪ್ಪಿದರೆ ಕೇಳುವವರು ಯಾರು?

ಅಮೆರಿಕದ ತೆರೆ ಈ ಪ್ರಶ್ನೆಗೆ ಕೊಟ್ಟ ಉತ್ತರ, ಎದೆಯ ಮೇಲೆ ಲೋಹದ ನಕ್ಷತ್ರ ಸಿಕ್ಕಿಸಿಕೊಂಡ ಒಂಟಿ ಮಾರ್ಷಲ್. ‘ಗನ್‌ಸ್ಮೋಕ್’ 1952ರಲ್ಲಿ ರೇಡಿಯೋ ನಾಟಕವಾಗಿ ಹುಟ್ಟಿ, 1955ರಿಂದ 1975ರವರೆಗೆ ಟಿವಿಯಲ್ಲಿ 635 ಕಂತು ಓಡಿತು. ಅದರಲ್ಲಿ ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿಯ ಮಾರ್ಷಲ್ ಮ್ಯಾಟ್ ಡಿಲನ್ ಆಗಿ ನಟಿಸಿದ ಜೇಮ್ಸ್ ಆರ್ನೆಸ್ ಒಂದು ತಲೆಮಾರಿನ ಅಮೆರಿಕನ್ನರಿಗೆ ಕಾನೂನಿನ ಮುಖವೇ ಆಗಿಹೋದ. ಅದಕ್ಕೂ ಮೊದಲೇ, 1946ರಲ್ಲಿ, ಜಾನ್ ಫೋರ್ಡ್ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ ಚಿತ್ರದಲ್ಲಿ ಹೆನ್ರಿ ಫೋಂಡಾನನ್ನು ಮಾರ್ಷಲ್ ವ್ಯಾಟ್ ಅರ್ಪ್ ಮಾಡಿ ನಿಲ್ಲಿಸಿದ್ದ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು 1952ರ ‘ಹೈ ನೂನ್’. ಗ್ಯಾರಿ ಕೂಪರ್ ನಟಿಸಿದ ಮಾರ್ಷಲ್ ವಿಲ್ ಕೇನ್ ಅಂದೇ ಮದುವೆಯಾಗಿ, ಅಧಿಕಾರ ಬಿಟ್ಟು ಹೊರಟಿದ್ದಾನೆ. ಅವನೇ ಜೈಲಿಗೆ ಕಳಿಸಿದ್ದ ಕೊಲೆಗಾರ ಬಿಡುಗಡೆಯಾಗಿ ಮಧ್ಯಾಹ್ನದ ರೈಲಿಗೆ ಬರುತ್ತಿದ್ದಾನೆ, ಮೂವರು ಬಂಟರು ಆಗಲೇ ಸ್ಟೇಷನ್ನಿನಲ್ಲಿ ಕಾದು ಕೂತಿದ್ದಾರೆ. ಕೇನ್ ಹೆಂಡದಂಗಡಿಗೆ ಹೋಗುತ್ತಾನೆ, ಚರ್ಚಿಗೆ ಹೋಗುತ್ತಾನೆ, ಗೆಳೆಯರ ಬಾಗಿಲು ತಟ್ಟುತ್ತಾನೆ. ಯಾರೂ ಜೊತೆಗೆ ಬರುವುದಿಲ್ಲ. ಕೊನೆಗೆ ನೆರವಾಗುವವಳು ಮದುವೆಯಾದ ಹೆಂಡತಿ ಒಬ್ಬಳೇ. ಗೆದ್ದ ಮೇಲೆ ನಕ್ಷತ್ರ ಕಿತ್ತು ಮಣ್ಣಿಗೆ ಎಸೆದು ಊರು ಬಿಡುತ್ತಾನೆ. ಕಾನೂನಿನ ಮನುಷ್ಯ ಊರಿನ ಮುಂದೆ ಹೀಗೆ ಅಂಗಲಾಚುವುದು ನಿರ್ದೇಶಕ ಹೋವರ್ಡ್ ಹಾಕ್ಸ್‌ಗೆ ಹಿಡಿಸಲಿಲ್ಲ. ಅದಕ್ಕೆ ಜವಾಬಾಗಿ 1959ರಲ್ಲಿ ಜಾನ್ ವೇಯ್ನ್‌ನನ್ನು ಇಟ್ಟುಕೊಂಡು ‘ರಿಯೋ ಬ್ರಾವೋ’ ತೆಗೆದ. ಅಲ್ಲಿನ ಷೆರಿಫ್ ಊರಿನವರ ಸಹಾಯವೇ ಬೇಡ ಅನ್ನುತ್ತಾನೆ. ಕಾಯುವವನಿಗೂ ಊರಿಗೂ ಇರುವ ಸಂಬಂಧ ಏನು ಎಂಬ ಜಗಳವನ್ನು ಇಬ್ಬರು ನಿರ್ದೇಶಕರು ಎರಡು ಚಿತ್ರಗಳಲ್ಲಿ ಆಡಿದರು. ಆ ಜಗಳಕ್ಕೆ ನಮ್ಮ ಸೀಮೆಯ ಹಳೆಯ ಹಳ್ಳಿಗಳಲ್ಲಿ ಬೇರೆಯದೇ ಒಂದು ತೀರ್ಮಾನ ಇತ್ತು. ಅದನ್ನು ಹೇಳುವ ಮೊದಲು ನಿಜವಾದ ಮಾರ್ಷಲ್‌ಗಳ ಬಗ್ಗೆ ಒಂದಿಷ್ಟು.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಮಾರ್ಷಲ್ ಹುದ್ದೆ ಹುಟ್ಟಿದ್ದು 1789ರ ಕಾನೂನಿನಿಂದ. ಗಡಿನಾಡಿನಲ್ಲಿ ಅವರ ಕೈಕೆಳಗಿನ ಡೆಪ್ಯುಟಿಗಳಿಗೆ 1896ರವರೆಗೂ ತಿಂಗಳ ಸಂಬಳ ಇರಲಿಲ್ಲ. ಇಂತಿಷ್ಟು ಮೈಲಿಗೆ, ಹಿಡಿದು ತಂದ ಆರೋಪಿಗೆ, ಜಾರಿ ಮಾಡಿದ ವಾರಂಟಿಗೆ ಇಷ್ಟಿಷ್ಟು ಎಂದು ಶುಲ್ಕ ಸಿಗುತ್ತಿತ್ತು. ಊರಿನ ಮಾರ್ಷಲ್ ಬೇರೆ. ಅವನನ್ನು ನೇಮಿಸುತ್ತಿದ್ದದ್ದು ಪಟ್ಟಣದ ಸಭೆ. ಬೀದಿನಾಯಿ ಹಿಡಿಯುವುದು, ರಸ್ತೆಯ ಹದ್ದುಬಸ್ತು, ಲೈಸೆನ್ಸ್ ಹಣದ ವಸೂಲಿ ಎಲ್ಲ ಅವನ ಪಾಲಿಗೇ ಬರುತ್ತಿದ್ದವು. ಸಿನಿಮಾದಲ್ಲಿ ದಿನಕ್ಕೊಂದು ಹೆಣ ಬೀಳುವ ಕಾನ್ಸಾಸ್‌ನ ದನದ ಸಂತೆಯ ಐದು ಪಟ್ಟಣಗಳಲ್ಲಿ, ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಲೆಕ್ಕ ಹಾಕಿದಂತೆ, 1870ರಿಂದ 1885ರವರೆಗೆ ಐದೂ ಊರು ಸೇರಿ ಆದ ಕೊಲೆಗಳು 45. ಗುಂಡು ಹಾರಿಸುವುದಕ್ಕಿಂತ ಹಾರದಂತೆ ನೋಡಿಕೊಳ್ಳುವುದೇ ಮಾರ್ಷಲ್‌ನ ಮುಖ್ಯ ಕೆಲಸ. ಊರೊಳಗೆ ಬರುವವರು ಬಂದೂಕು ಒಪ್ಪಿಸಿ ಬರಬೇಕೆಂಬ ನಿಯಮ ಡಾಡ್ಜ್ ಸಿಟಿಯಲ್ಲೂ ಇತ್ತು, ಅರಿಜೋನಾದ ಟೂಂಬ್‌ಸ್ಟೋನಿನಲ್ಲೂ ಇತ್ತು. 1881ರ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಬಳಿ ನಡೆದ ಅರ್ಧ ನಿಮಿಷದ ಗುಂಡಿನ ಕಾಳಗ ಈ ನಿಯಮದ ಮೇಲೆಯೇ ಹೊತ್ತಿಕೊಂಡದ್ದು. ಅಂದು ಊರಿನ ಮಾರ್ಷಲ್ ಆಗಿದ್ದವನು ವ್ಯಾಟ್ ಅರ್ಪ್ ಅಲ್ಲ, ಅವನ ಅಣ್ಣ ವರ್ಜಿಲ್. ಸಿನಿಮಾ ಅಣ್ಣನನ್ನು ಹಿಂದೆ ಸರಿಸಿ ತಮ್ಮನನ್ನು ಮುಂದೆ ತಂದಿತು.

ಇನ್ನು ನಮ್ಮ ಗಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಇವತ್ತು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸಾಗಿ, 2021ರಲ್ಲಿ ಹೊಸ ಜಿಲ್ಲೆ ಸೇರಿತು. ಹೀಗೆ ಮೇರೆ ಬದಲಾಗುವುದು ಈ ನೆಲಕ್ಕೆ ಹೊಸದಲ್ಲ. ಒಂದು ಕಾಲದಲ್ಲಿ ಕೋಗಳಿ ಐನೂರು ಎಂಬ ನಾಡು, ನೊಳಂಬವಾಡಿಯ ಅಂಚು. ಮುಂದೆ ಚಿತ್ರದುರ್ಗ, ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಪಾಳೆಯಪಟ್ಟುಗಳ ನಡುವಿನ ಎಳೆದಾಟದ ಜಾಗ. 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿನಾಯಕನನ್ನು ಕೊಂದವನು ಹರಪನಹಳ್ಳಿಯ ಸೋಮಶೇಖರನಾಯಕ. ಎರಡು ಮನೆತನಗಳ ಬೀಗತನ ಅದನ್ನು ತಡೆಯಲಿಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇದು ಮದ್ರಾಸ್ ಪ್ರಾಂತ್ಯದ ಮೂಲೆಯಾಯಿತು. ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಹೊಳೆ ದಾಟಿದರೆ ಪಶ್ಚಿಮಕ್ಕೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಉತ್ತರಕ್ಕೆ ನಿಜಾಮನ ಕೊಪ್ಪಳ, ಪಕ್ಕದಲ್ಲೇ ಘೋರ್ಪಡೆಗಳ ಸಂಡೂರು. ಕದ್ದ ಎತ್ತನ್ನು ಒಂದೇ ರಾತ್ರಿಯಲ್ಲಿ ಬೇರೆ ಸರ್ಕಾರದ ನೆಲಕ್ಕೆ ಹೊಡೆದುಕೊಂಡು ಹೋಗಬಹುದಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರುವವರೆಗೂ ಇದು ಗಡಿನಾಡೇ.

ವೆಸ್ಟರ್ನ್ ಸಿನಿಮಾಗಳ ಜೀವಾಳವಾದ ದನಗಳ್ಳತನ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಮೂಡಿದೆ. ಕನ್ನಡನಾಡಿನ ದೇವಸ್ಥಾನದ ಅಂಗಳ, ಕೆರೆಯ ಏರಿ, ಊರ ಅಗಸೆಗಳಲ್ಲಿ ನಿಂತಿರುವ ವೀರಗಲ್ಲುಗಳ ಮುಂದೆ ಕೂತು ನೋಡಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಹೋರಾಟ: ಬಿಲ್ಲು ಎಳೆದ ಅಥವಾ ಕತ್ತಿ ಎತ್ತಿದ ವೀರ, ಅವನ ಬೆನ್ನಿಗೆ ಕೊಂಬು ತೋರಿಸುತ್ತ ಒತ್ತಾಗಿ ನಿಂತ ದನಗಳ ಸಾಲು. ನಡುವೆ ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ, ಕೈಮುಗಿದು ಕೂತ ಅದೇ ವೀರ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಶಾಸನಗಳು ಸಾವಿನ ಕಾರಣವನ್ನೂ ಹೇಳುತ್ತವೆ. ದನ ಬಿಡಿಸುವಾಗ, ಊರು ಉಳಿಸುವಾಗ, ಹೆಣ್ಣಿನ ಕೂಗಿಗೆ ಓಗೊಟ್ಟಾಗ ಸತ್ತವರು ಇವರು. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಸತ್ತವನಿಗೆ ಕಲ್ಲು, ಉಳಿದವರಿಗೆ ಹೊಲ. ಕಾಯುವವನ ಪ್ರಾಣಕ್ಕೆ ಊರು ಜವಾಬ್ದಾರಿ ಎನ್ನುವ ತಿಳಿವಳಿಕೆ ಇದರಲ್ಲಿ ಸ್ಪಷ್ಟವಾಗಿದೆ.

ಆ ತಿಳಿವಳಿಕೆ ದಿನನಿತ್ಯದ ವ್ಯವಸ್ಥೆಯಾಗಿ ನಡೆದದ್ದು ತಳವಾರಿಕೆಯಲ್ಲಿ. ಗೌಡ, ಶಾನುಭೋಗ, ಬಡಿಗ, ಕಮ್ಮಾರ, ಅಗಸ, ಹಜಾಮರಂತೆ ತಳವಾರನೂ ಊರಿನ ಆಯಗಾರರಲ್ಲಿ ಒಬ್ಬ. ಸಂಬಳ ಎಂದರೆ ಸುಗ್ಗಿಯಲ್ಲಿ ಕಣದ ಹತ್ತಿರ ನಿಂತಾಗ ರೈತ ರಾಶಿಯಿಂದ ಅಳೆದು ಹಾಕುವ ಜೋಳ, ಜೊತೆಗೆ ಒಂದಿಷ್ಟು ಮಾನ್ಯದ ಹೊಲ. ಬೆಳೆ ಹೋದ ವರ್ಷ ಅವನ ಆಯವೂ ಹೋಗುತ್ತಿತ್ತು. ಈ ಸೀಮೆಯಲ್ಲಿ ತಳವಾರರು ಹೆಚ್ಚಾಗಿ ಬೇಡರು, ಅಂದರೆ ಇಂದಿನ ನಾಯಕ ಸಮುದಾಯದವರು. ಡಂಗುರ ಸಾರುವ, ಓಲೆ ಒಯ್ಯುವ, ಗಡಿಕಲ್ಲು ತೋರಿಸುವ ತೋಟಿಯ ಕೆಲಸ ಬಹುತೇಕ ಮಾದಿಗರ ಹೆಗಲಿಗೆ ಬೀಳುತ್ತಿತ್ತು. ಊರಿನ ಹಗೇವು, ಕಣ, ದನದ ಹಟ್ಟಿ ಎಲ್ಲವನ್ನೂ ಕಾದವರಿಗೆ ಎಷ್ಟೋ ಮನೆಗಳ ಹೊಸ್ತಿಲೊಳಗೆ ಪ್ರವೇಶವಿರಲಿಲ್ಲ ಎಂಬುದನ್ನು ಮರೆತು ಈ ವ್ಯವಸ್ಥೆಯನ್ನು ಹೊಗಳುವುದು ನನ್ನಿಂದಾಗದು.

ಆದರೂ ಕೆಲಸದ ರೀತಿ ಗಮನಿಸಬೇಕಾದದ್ದು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ, ಪೇಶ್ವೆಗಳಿಂದ ಗೆದ್ದ ದಖ್ಖನಿನ ಹಳ್ಳಿಗಳ ಬಗ್ಗೆ ಬರೆದ ವರದಿಯಲ್ಲಿ ಹಳ್ಳಿ ಕಾವಲುಗಾರನ ಕೆಲಸವನ್ನು ವಿವರವಾಗಿ ದಾಖಲಿಸಿದ. ರಾತ್ರಿ ಗಸ್ತು ತಿರುಗುವುದು, ಊರಿಗೆ ಬಂದವರು ಹೋದವರ ಮೇಲೆ ಕಣ್ಣಿಡುವುದು, ಒಬ್ಬೊಬ್ಬರ ನಡತೆಯನ್ನೂ ತಿಳಿದಿರುವುದು, ಅನುಮಾನ ಬಂದರೆ ಪಟೇಲನಿಗೆ ಹೇಳುವುದು. ಕಳವಾದರೆ ಹೆಜ್ಜೆಯ ಜಾಡು ಹಿಡಿಯಬೇಕು. ಜಾಡು ತನ್ನ ಊರಿನ ಗಡಿ ದಾಟಿ ಪಕ್ಕದ ಊರಿಗೆ ಹೋದರೆ, ಅಲ್ಲಿಯ ಕಾವಲುಗಾರನನ್ನು ಕರೆದು ಹೆಜ್ಜೆ ತೋರಿಸಿ ಒಪ್ಪಿಸಬೇಕು. ಅವನು ಒಪ್ಪಿದನೆಂದರೆ ಮೊದಲಿನವನ ಹೊಣೆ ಮುಗಿಯಿತು, ಎರಡನೆಯವನ ಹೊಣೆ ಶುರುವಾಯಿತು. ಹೀಗೆ ಊರಿಂದ ಊರಿಗೆ ಸಾಗಿ ಜಾಡು ಎಲ್ಲಿ ಕಳೆದುಹೋಗುತ್ತದೋ ಆ ಊರು ಕಳವಿನ ಮಾಲಿಗೆ ಉತ್ತರ ಕೊಡಬೇಕು. ಮೊದಲು ಕಾವಲುಗಾರ ತನ್ನ ಕೈಲಾದಷ್ಟು ತುಂಬಿಕೊಡಬೇಕು, ಸಾಲದ್ದನ್ನು ಇಡೀ ಊರಿನಿಂದ ವಸೂಲು ಮಾಡಬೇಕು.

ಇದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ನೋಡಿ. ಕೂಡ್ಲಿಗಿ ಸೀಮೆಯ ಎರಡು ಹಳ್ಳಿಗಳ ನಡುವಿನ ಕೆಂಪು ಮಣ್ಣು, ಬೆಳಗಿನ ಜಾವ, ಗಡಿಕಲ್ಲಿನ ಹತ್ತಿರ ಇಬ್ಬರು ತಳವಾರರು ಮಂಡಿಯೂರಿ ಕೂತಿದ್ದಾರೆ. ಒಬ್ಬ ಕಡ್ಡಿಯಿಂದ ಹೆಜ್ಜೆಯ ಉದ್ದ ಅಳೆದು ತೋರಿಸುತ್ತಾನೆ, ಎಡಗಾಲು ಒತ್ತಿ ಇಟ್ಟಿದ್ದಾನೆ, ಕುಂಟುತ್ತಾನೆ ಎನ್ನುತ್ತಾನೆ. ಇನ್ನೊಬ್ಬ ಒಪ್ಪಲು ಮನಸ್ಸಿಲ್ಲದೆ ಸುಮ್ಮನಿದ್ದಾನೆ. ಒಪ್ಪಿದರೆ ಆ ಎತ್ತಿನ ಬೆಲೆ ತನ್ನ ಊರಿನ ತಲೆಗೆ ಬರುತ್ತದೆಂದು ಅವನಿಗೆ ಗೊತ್ತು. ಹಿಂದೆ ಎರಡೂ ಊರಿನ ರೈತರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಪಿಸ್ತೂಲು ಎಳೆಯುವ ಯಾವ ದ್ವಂದ್ವಕ್ಕಿಂತಲೂ ಈ ದೃಶ್ಯದಲ್ಲಿ ಬಿಗಿ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹೈ ನೂನ್’ ಎತ್ತಿದ ಜಗಳ ತೀರುವುದು ಇಲ್ಲಿ. ಕೇನ್‌ನ ಊರಿನವರು ಬಾಗಿಲು ಹಾಕಿಕೊಂಡರೆ ಅವರಿಗೆ ಆಗುವ ನಷ್ಟ ಏನೂ ಇಲ್ಲ. ಸಾಯುವವನು ಮಾರ್ಷಲ್. ತಳವಾರನ ಊರಿಗೆ ಬಾಗಿಲು ಹಾಕಿಕೊಳ್ಳುವ ಅನುಕೂಲವಿರಲಿಲ್ಲ. ಕಳ್ಳ ಸಿಗದಿದ್ದರೆ ಮನೆಮನೆಯಿಂದ ಹಣ ಹೋಗುತ್ತಿತ್ತು. ಹಾಗಾಗಿ ಕಾವಲು ಎಂಬುದು ಒಬ್ಬನ ಶೌರ್ಯದ ಮಾತಾಗದೆ ಎಲ್ಲರ ಹೊಣೆಯ ಮಾತಾಯಿತು. ನಮ್ಮವನಿಗೂ ಒಂದು ಸಂಕಟ ಇತ್ತು, ಅದು ಕೇನ್‌ಗೆ ಇಲ್ಲದ್ದು: ಅವನಿಗೆ ನಕ್ಷತ್ರ ಕಿತ್ತು ಎಸೆಯುವ ಸ್ವಾತಂತ್ರ್ಯವಿರಲಿಲ್ಲ. ತಳವಾರಿಕೆ ಹುಟ್ಟಿನಿಂದ ಬಂದದ್ದು, ಮಗನಿಗೂ ಅದೇ.

ಹೊಣೆ ಹೊತ್ತವನ ಕೈಗೆ ಆಯುಧವೂ ಆಳೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಪಾಳೆಯಗಾರರೇ ಸಾಕ್ಷಿ. ದಾದಯ್ಯನಂತೆ ಮೇಲೆದ್ದವರು ಸೀಮೆ ಕಾಯುವುದಕ್ಕೆ ಕಾವಲಿಯ ಹೆಸರಿನಲ್ಲಿ ಹಣ ಎತ್ತುತ್ತಿದ್ದರು, ಕೊಡದ ಊರನ್ನು ಸೂರೆ ಮಾಡಿದವರೂ ಅವರಲ್ಲಿದ್ದರು. 1800ರಿಂದ 1807ರವರೆಗೆ ಇಲ್ಲಿ ಪ್ರಿನ್ಸಿಪಲ್ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಬಂದಾಗ, ಬಳ್ಳಾರಿ, ಅನಂತಪುರ, ಕಡಪ ಸೇರಿದ ಆ ಇಡೀ ಪ್ರದೇಶದಲ್ಲಿ 80 ಪಾಳೆಯಗಾರರೂ ಅವರ ಬಳಿ ಸುಮಾರು 30,000 ಶಸ್ತ್ರಧಾರಿಗಳೂ ಇದ್ದರು. ಮನ್ರೋ ಕೆಲವರನ್ನು ಹೊರಹಾಕಿದ, ಕೆಲವರಿಗೆ ಜೀವನಾಂಶ ಕಟ್ಟಿದ, ಆಳುಗಳನ್ನು ಚದುರಿಸಿದ. 1802ರಲ್ಲಿ ಕಂಪನಿ ಬಂಗಾಳದ ಮಾದರಿಯ ದಾರೋಗಾ ಎಂಬ ಪೊಲೀಸ್ ಅಧಿಕಾರಿಗಳನ್ನು ಮದ್ರಾಸಿಗೆ ತಂದಿತು. ಊರಿನ ಗುರುತು ಪರಿಚಯವಿಲ್ಲದ ಅವರಿಂದ ಕೆಲಸವಾಗಲಿಲ್ಲ. 1816ರ 11ನೇ ರೆಗ್ಯುಲೇಷನ್ ದಾರೋಗಾಗಳನ್ನು ತೆಗೆದು ಪೊಲೀಸ್ ಅಧಿಕಾರವನ್ನು ಮತ್ತೆ ಊರಿನ ಗೌಡ ಮತ್ತು ತಳವಾರರಿಗೆ ಕೊಟ್ಟಿತು. ಅದೇ ಕಾಯ್ದೆ, ಸಣ್ಣ ತಪ್ಪಿಗೆ ಮೇಲ್ಜಾತಿಯವರನ್ನು ಕೆಲವು ಗಂಟೆ ಚಾವಡಿಯಲ್ಲಿ ಕೂರಿಸಬಹುದು, ಕೆಳಜಾತಿಯವರನ್ನು ಕೋಳಕ್ಕೆ ಹಾಕಬಹುದು ಎಂದೂ ಬರೆಯಿತು. ಜಾತಿಗೊಂದು ಶಿಕ್ಷೆ ಕಂಪನಿಯ ಕಾನೂನಿನ ಪುಸ್ತಕಕ್ಕೆ ಹೀಗೆ ಏರಿತು. 1859ರ ಪೊಲೀಸ್ ಕಾಯ್ದೆ ಬಂದು ಸಮವಸ್ತ್ರದ ಪೇದೆ ಕಾಣಿಸಿಕೊಂಡ ಮೇಲೆ ತಳವಾರ ಮೆಲ್ಲಗೆ ಚಾವಡಿಯ ಆಳಾದ, ಸಾಹೇಬರು ಬಂದರೆ ಓಡಾಡುವವನಾದ.

ಟೂಂಬ್‌ಸ್ಟೋನಿನಲ್ಲಿ ಬಂದೂಕು ಒಪ್ಪಿಸಿ ಎಂದದ್ದಕ್ಕೆ ಮೂರು ಹೆಣ ಬಿದ್ದವು, ಜಗತ್ತೇ ಅದರ ಮೇಲೆ ಸಿನಿಮಾ ನೋಡಿತು. ಅದಕ್ಕೆ 24 ವರ್ಷ ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ಮಾತಿಗೆ ಎದುರು ನಿಂತಿದ್ದರು. ಬೇಟೆಯೂ ಕಾವಲೂ ಬದುಕಾಗಿದ್ದವರಿಗೆ ಆಯುಧ ಕೊಡುವುದು ಎಂದರೆ ಕೈ ಕೊಡುವುದೇ ಆಗಿತ್ತು. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಉಳಿಸಿಕೊಂಡದ್ದು ಲಾವಣಿ. ಇಂಗ್ಲಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.

ನಮ್ಮ ಸಿನಿಮಾ ಏನು ಮಾಡಿತು? ‘ಶೋಲೆ’ 1975ರಲ್ಲಿ ರಾಮನಗರದ ಬಂಡೆಗಳ ನಡುವೆ ವೆಸ್ಟರ್ನ್ ಜಗತ್ತನ್ನೇ ಕಟ್ಟಿತು. ಅಲ್ಲಿ ಕಾನೂನು ಎಂದರೆ ಕೈ ಕಳೆದುಕೊಂಡ ಮಾಜಿ ಪೊಲೀಸ್ ಅಧಿಕಾರಿ, ಊರಿನ ಠಾಕೂರ. ರಾಮಗಢದ ಜನ ಹೆದರಿ ನಿಲ್ಲುವ ಗುಂಪು ಮಾತ್ರ, ಆ ಊರಿಗೆ ಕಾವಲುಗಾರನೇ ಇಲ್ಲ. ಕನ್ನಡದಲ್ಲಿ ಎಂ.ಎಸ್. ಸತ್ಯು 1977ರಲ್ಲಿ ‘ಕನ್ನೇಶ್ವರ ರಾಮ’ ಮಾಡಿ ಕಾನೂನಿನಿಂದ ತಪ್ಪಿಸಿಕೊಂಡವನ ಕಡೆ ಕ್ಯಾಮೆರಾ ತಿರುಗಿಸಿದರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ 1978ರಲ್ಲಿ ಬಂದು, ಕೂಲಿಗೆ ಕಾದುವ ಯೋಧರ ಕಥೆ ಹೇಳಿ, ಶಂಕರ್ ನಾಗ್ ಎಂಬ ನಟನನ್ನು ನಮಗೆ ಕೊಟ್ಟಿತು. ಹತ್ತು ವರ್ಷದ ನಂತರ ಅದೇ ಶಂಕರ್ ನಾಗ್ ‘ಸಾಂಗ್ಲಿಯಾನ’ದಲ್ಲಿ ಖಾಕಿ ತೊಟ್ಟರು, ಅಲ್ಲಿಂದ ಕನ್ನಡದ ಮಾರ್ಷಲ್ ಎಂದರೆ ಜೀಪಿನಿಂದ ಇಳಿಯುವ ಎಸ್‌.ಪಿ. ಅಥವಾ ಇನ್ಸ್‌ಪೆಕ್ಟರ್ ಎಂದು ಗಟ್ಟಿಯಾಯಿತು. ಕಾವಲುಗಾರನ ಮನೆಯ ಒಳಗಿನ ಬದುಕು ಒಮ್ಮೆ ಹಣಕಿದ್ದು 1972ರ ‘ನಾಗರಹಾವು’ ಚಿತ್ರದಲ್ಲಿ: ಗಂಡ ಊಟಕ್ಕೆ ಬಂದ ಹೊತ್ತಿನಲ್ಲಿ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವ. ಅವಳ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಎಂದು ಇಲ್ಲಿಯ ಜನ ಹೇಳಿಕೊಳ್ಳುತ್ತಾರೆ. ಆ ದೃಶ್ಯ ಇವತ್ತಿಗೂ ಮೈ ಜುಮ್ಮೆನ್ನಿಸುವುದಕ್ಕೆ ಕಾರಣ ಜಯಂತಿಯವರ ನಟನೆ ಒಂದೇ ಅಲ್ಲ ಎಂದು ನಾನು ನಂಬಿದ್ದೇನೆ. ಯಾವ ಅಧಿಕಾರವೂ ಇಲ್ಲದವಳು ಕಾವಲಿನ ಹೊಣೆಯನ್ನು ತನ್ನದೆಂದುಕೊಳ್ಳುವ ಆ ಕ್ಷಣಕ್ಕೆ ತಳವಾರಿಕೆಯ ಬೇರು ಇದೆ.

1961ರ ಗ್ರಾಮಾಧಿಕಾರಿಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಗೌಡಿಕೆ, ಶಾನುಭೋಗಿಕೆಯ ಜೊತೆಗೆ ತಳವಾರಿಕೆ, ತೋಟಿತನಗಳನ್ನೂ ಮುಗಿಸಿತು. ಹುಟ್ಟಿನ ಕೆಲಸ ಹೋದದ್ದು ಒಳ್ಳೆಯದೇ ಆಯಿತು. ಮಾನ್ಯದ ಭೂಮಿಯನ್ನು ದುಡ್ಡು ಕಟ್ಟಿಸಿಕೊಂಡು ಹಳೆಯ ಮನೆತನಗಳಿಗೇ ಮರುಮಂಜೂರು ಮಾಡಬೇಕೆಂದು ಕಾನೂನು ಹೇಳಿತು. ತಳವಾರ ಎಂಬುದು ಅಡ್ಡಹೆಸರಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ, ರೇಷನ್ ಕಾರ್ಡಿನಲ್ಲಿ ಉಳಿಯಿತು. ನಾಯಕ ಸಮುದಾಯದ ಪರ್ಯಾಯ ಹೆಸರುಗಳೆಂದು ತಳವಾರ, ಪರಿವಾರಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ ಕೇಂದ್ರದ ತಿದ್ದುಪಡಿ 2020ರಲ್ಲಿ ಜಾರಿಯಾಯಿತು. ಕಾಯುವ ಕೆಲಸ ನಿಂತು ಅರ್ಧ ಶತಮಾನ ಕಳೆದ ಮೇಲೆ ಆ ಹೆಸರಿಗೆ ಸರ್ಕಾರದ ಕಾಗದದಲ್ಲಿ ಒಂದು ಜಾಗ ಸಿಕ್ಕಿತು.

ಅಮೆರಿಕದ ತೆರೆ ಮರೆತ ಒಬ್ಬ ಮಾರ್ಷಲ್‌ನ ಹೆಸರು ಬಾಸ್ ರೀವ್ಸ್. 1838ರಲ್ಲಿ ಗುಲಾಮನಾಗಿ ಹುಟ್ಟಿದ ಕರಿಯ. 1875ರಿಂದ ಮೂರು ದಶಕ ಡೆಪ್ಯುಟಿ ಮಾರ್ಷಲ್ ಆಗಿ, ಮುಖ್ಯವಾಗಿ ಅರ್ಕಾನ್ಸಾಸ್‌ನ ಫೋರ್ಟ್ ಸ್ಮಿತ್ ಕೋರ್ಟಿಗಾಗಿ, ಮೂಲನಿವಾಸಿಗಳ ಸೀಮೆಯಲ್ಲಿ ಕುದುರೆಯ ಮೇಲೆ ಅಲೆದವನು. ಅಕ್ಷರ ಬರುತ್ತಿರಲಿಲ್ಲ, ಹೊರಡುವ ಮೊದಲು ವಾರಂಟುಗಳನ್ನು ಓದಿಸಿ ಕೇಳಿ ನೆನಪಿಟ್ಟುಕೊಳ್ಳುತ್ತಿದ್ದ. ಕೊಲೆಯ ಆರೋಪ ಹೊತ್ತ ಸ್ವಂತ ಮಗನನ್ನೂ ತಾನೇ ಹಿಡಿದು ತಂದ. ಅವನು 1910ರಲ್ಲಿ ತೀರಿಕೊಂಡ. ‘ಗನ್‌ಸ್ಮೋಕ್’ ಓಡಿದ ಇಪ್ಪತ್ತು ವರ್ಷದಲ್ಲಿ ಡಿಲನ್‌ನ ಮುಖ ಮನೆಮಾತಾಯಿತು, ರೀವ್ಸ್‌ನ ಹೆಸರು ಹೆಚ್ಚಿನವರ ಕಿವಿಗೂ ಬೀಳಲಿಲ್ಲ. ಅವನ ಬದುಕನ್ನೇ ನಡುವಿಗಿಟ್ಟ ದೊಡ್ಡ ಟಿವಿ ಸರಣಿ ಬಂದದ್ದು 2023ರಲ್ಲಿ, ಡೇವಿಡ್ ಒಯೆಲೊವೊ ಆ ಪಾತ್ರ ಮಾಡಿದರು. ಹರಪನಹಳ್ಳಿಯ ದಾದಯ್ಯನಿಗೆ, ಗಡಿಕಲ್ಲಿನ ಹತ್ತಿರ ಹೆಜ್ಜೆ ಅಳೆದ ಹೆಸರಿಲ್ಲದ ತಳವಾರರಿಗೆ, ಕತ್ತಲಲ್ಲಿ ಡಂಗುರ ಹೊತ್ತು ನಡೆದ ತೋಟಿಗಳಿಗೆ ಕನ್ನಡದಲ್ಲಿ ಅಂಥದೊಂದು ಸರಣಿ ಬೇಕು. ಕೂಡ್ಲಿಗಿಯ ಬಂಡೆ, ಗುಡೇಕೋಟೆಯ ಕೋಟೆ, ಹಡಗಲಿಯ ಹೊಳೆದಂಡೆ ಇದ್ದ ಜಾಗದಲ್ಲೇ ಇವೆ, ಸೆಟ್ ಹಾಕುವ ಖರ್ಚೂ ಇಲ್ಲ. ಬಯಲಾಟದ ಕುಣಿತ ಬಲ್ಲ, ಸೀಮೆಯ ಮಾತು ಬಾಯಲ್ಲಿರುವ ನಟರೂ ಇದೇ ತಾಲ್ಲೂಕುಗಳಲ್ಲಿ ಇದ್ದಾರೆ.